ಪುಣೆ ಅಂಜೂರದ ಸಸಿ: ಚಿತ್ರದುರ್ಗದ ಹಿತ್ತಲಲ್ಲಿ ಮೂರು ವರ್ಷ

ಮೂರು ವರ್ಷದ ಹಿಂದೆ ಪುಣೆ ತಳಿಯ ನಾಲ್ಕು ಅಂಜೂರದ ಸಸಿ ತಂದು ನೆಟ್ಟೆ, ಒಂದಕ್ಕೆ 80 ರೂಪಾಯಿ. ಈಗ ಮೂರು ಉಳಿದಿವೆ, ಮೂರೂ ಹಣ್ಣು ಬಿಡುತ್ತಿವೆ. ನಮ್ಮ ಕಡೆ ಧೈರ್ಯವಾಗಿ ಹಾಕಬಹುದು, ಆದರೆ ಸಸಿ ತರುವಾಗ ಹುಷಾರು.

ಅದಕ್ಕೂ ಮೊದಲು ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ನಾಲ್ಕು ಎಲೆ ಹಚ್ಚಗೆ ಇದ್ದವು, ತಿಂಗಳೊಳಗೆ ಒಣಗಿತು, ಕಿತ್ತು ನೋಡಿದರೆ ಬರೀ ಕಡ್ಡಿ, ಒಂದು ಎಳೆ ಬೇರೂ ಇಲ್ಲ. ಆಮೇಲೆ ಊರ ಹತ್ತಿರದ ನರ್ಸರಿಗೆ ಹೋದೆ. ಅಲ್ಲಿನವರು ತಾವಾಗಿಯೇ ಒಂದು ಚೀಲ ಬ್ಲೇಡಿನಿಂದ ಸೀಳಿ ತೋರಿಸಿದರು, ಬಿಳಿ ಬೇರು ಮಣ್ಣಿನ ಹೆಂಟೆಯನ್ನು ಸುತ್ತಲೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. "ಎಲೆ ನೋಡಿ ತಗೋಬೇಡಿ ಅಕ್ಕಾ, ಬೇರು ನೋಡಿ" ಅಂದರು. ಸತ್ತುಹೋದ ನಾಲ್ಕನೆಯದು ಅವರ ತಪ್ಪಲ್ಲ, ಮಳೆನೀರು ನಿಲ್ಲುವ ಜಾಗದಲ್ಲಿ ನೆಟ್ಟಿದ್ದೆ, ಬುಡ ಕೊಳೆಯಿತು. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಅಂಜೂರದ ಗಿಡಕ್ಕೆ ಬಟ್ಟೆ ಸುತ್ತಿ ಕಾಪಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಸೇಬಿನ ಹಾಗೆ ಇದಕ್ಕೆ ಜಾಸ್ತಿ ಚಳಿಯೂ ಬೇಡ. ಆದರೆ ನಮ್ಮ ಚಳಿಗೆ ಗಿಡ ಬೆಳವಣಿಗೆ ನಿಲ್ಲಿಸಿ ಪೂರ್ತಿ ಮಲಗುವುದಿಲ್ಲವಲ್ಲ, ಹಾಗಾಗಿ ನಾವೇ ಕೊಂಬೆ ಕತ್ತರಿಸಬೇಕು. ಕಾಯಿ ಬರುವುದು ಹೊಸ ಚಿಗುರಿನಲ್ಲಿ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಹೊತ್ತಿಗೆ ಕೊಂಬೆ ಸವರಿ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದೆ, ಫೆಬ್ರವರಿ ಕೊನೆಗೆ ಹಣ್ಣು ಶುರುವಾಯಿತು. ಮಳೆಗಾಲದಲ್ಲಿ ಬಂದ ಹಣ್ಣು ಸುಮ್ನೆ ನೀರು ನೀರು, ರುಚಿಯೇ ಇಲ್ಲ. ಬೇಸಿಗೆಯದು ಜೇನು! ಪುಣೆ ಕಡೆ ಇದೇ ಕಾರಣಕ್ಕೆ ಮಳೆಗಾಲದ್ದನ್ನು ಖಟ್ಟಾ ಬಹಾರ್ (ಹುಳಿ ಫಸಲು), ಬೇಸಿಗೆಯದನ್ನು ಮೀಠಾ ಬಹಾರ್ (ಸಿಹಿ ಫಸಲು) ಅನ್ನುತ್ತಾರೆ. ಅಲ್ಲಿನ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯೂ (ಆ ಪ್ರದೇಶದ್ದೇ ವಿಶೇಷ ಅನ್ನುವ ಜಿಐ ಗುರುತು) ಸಿಕ್ಕಿದೆ.

ಹಣ್ಣನ್ನು ಗಿಡದಲ್ಲೇ ಪೂರ್ತಿ ಮಾಗಲು ಬಿಡಿ, ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ. ತೊಟ್ಟು ಬಾಗಿ, ಕುತ್ತಿಗೆ ಮೆತ್ತಗಾಗಿರಬೇಕು. ತೊಟ್ಟಿನಿಂದ ಬಿಳಿ ಹಾಲು ಜಿನುಗಿದರೆ ಇನ್ನೂ ಬಲಿತಿಲ್ಲ ಅಂತ. ಆ ಹಾಲು ಕೈಗೆ ತಾಗಿದರೆ ತುರಿಕೆ, ಮಕ್ಕಳಿದ್ದರೆ ನೋಡಿಕೊಳ್ಳಿ. ಪರಾಗಸ್ಪರ್ಶದ ಚಿಂತೆ ಬೇಡ, ಈ ತಳಿಗೆ ಒಂದೇ ಗಿಡ ಇದ್ದರೂ ಹಣ್ಣಾಗುತ್ತದೆ.

ತೊಂದರೆ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ತುಕ್ಕು ರೋಗ ಬರುತ್ತದೆ, ಎಲೆಯ ಅಡಿಗೆ ಬೆರಳು ಸವರಿದರೆ ಕಂದು ಪುಡಿ ಅಂಟುತ್ತದೆ, ಆಮೇಲೆ ಎಲೆಯೆಲ್ಲ ಉದುರುತ್ತದೆ. ನಾನು ಉದುರಿದ್ದನ್ನೆಲ್ಲ ಗುಡಿಸಿ ಸುಡುತ್ತೇನೆ, ನೀರನ್ನು ಬುಡಕ್ಕೆ ಮಾತ್ರ ಬಿಡುತ್ತೇನೆ. ಪಿಕಳಾರ ಹಕ್ಕಿಗಳಿಗಂತೂ ನಮಗಿಂತ ಮೊದಲೇ ಗೊತ್ತಾಗುತ್ತದೆ ಯಾವುದು ಹಣ್ಣಾಗಿದೆ ಅಂತ. ಹಳೆ ಸೊಳ್ಳೆಪರದೆ ಕತ್ತರಿಸಿ ಚೀಲ ಹೊಲಿದು ಕಟ್ಟಿದ್ದೇನೆ.

ಒಣ ಅಂಜೂರ ಮಾಡುವ ಆಸೆ ಇದ್ದರೆ ಈ ತಳಿ ಬೇಡ, ಇದು ಹಸಿಯಾಗಿ ತಿನ್ನುವ ಹಣ್ಣು. ತರುವುದಾದರೆ ಜೂನ್‌ನಲ್ಲಿ ತನ್ನಿ, ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರ ನೆಡಿ. ಮನೆಮಟ್ಟಿಗೆ ಎರಡು ಗಿಡ ಸಾಕು.