‘ಲಂಡನ್ 1885’ ಎಂದು ಕೊರೆದ ಪೆಟ್ಟಿಗೆ ಕೊಳ್ಳುವ ಮುನ್ನ

ಹಾಸನದಲ್ಲಿ ಹಳೆಯ ವಸ್ತುಗಳನ್ನು ಮಾರುವ ಒಬ್ಬ ವ್ಯಾಪಾರಿ, ಸಕಲೇಶಪುರದ ಕಡೆಯ ಕಾಫಿ ಎಸ್ಟೇಟ್ ಬಂಗಲೆಯಿಂದ ಬಂದದ್ದೆಂದು ನಂಬಿಸಿ, ಮುಚ್ಚಳದ ಮೇಲೆ ‘ಸ್ಟ್ಯಾನ್ಲಿ, ಲಂಡನ್, 1885’ ಎಂದು ಕೊರೆದ ಡ್ರಾಯಿಂಗ್ ಉಪಕರಣಗಳ ಮರದ ಪೆಟ್ಟಿಗೆಯೊಂದನ್ನು ನನಗೆ 14,000 ರೂಪಾಯಿಗೆ ಮಾರಿದ್ದಾನೆ. ಅದು ಹಳೆಯದಲ್ಲ. ನೂರು ವರ್ಷ ಹಾಗಿರಲಿ, ಹತ್ತು ವರ್ಷವೂ ಆಗಿರಲಾರದು.

ಸ್ಟ್ಯಾನ್ಲಿ ಸುಳ್ಳು ಹೆಸರೇನಲ್ಲ. ವಿಲಿಯಂ ಫೋರ್ಡ್ ಸ್ಟ್ಯಾನ್ಲಿ 1854ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಂಸ್ಥೆ ಕೈವಾರ, ಶಾಯಿಯಲ್ಲಿ ಗೆರೆ ಎಳೆಯುವ ರೂಲಿಂಗ್ ಪೆನ್ನುಗಳಿಂದ ಹಿಡಿದು ಭೂಮಾಪನದಲ್ಲಿ ಕೋನ ಅಳೆಯುವ ಥಿಯೋಡೊಲೈಟಿನವರೆಗೆ ಎಲ್ಲವನ್ನೂ ತಯಾರಿಸುತ್ತಿತ್ತು. ಆ ಹೆಸರಿಗಿರುವ ಮರ್ಯಾದೆಯನ್ನೇ ಇಂಥ ವ್ಯಾಪಾರಿಗಳು ಹೊಸ ಹಿತ್ತಾಳೆ, ಹೊಸ ಮರದ ಮೇಲೆ ಕೊರೆದು ಮಾರುತ್ತಿದ್ದಾರೆ.

ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಮುಚ್ಚಳದೊಳಗಿನ ನೀಲಿ ಮಖಮಲ್ಲಿನ ಅಂಚು ಅಂಟು ಬಿಟ್ಟಿತ್ತು. ಅದನ್ನು ಉಗುರಿನಿಂದ ಎತ್ತಿದೆ. ಮುಚ್ಚಳದ ಕೀಲುಗಳಿಗೆ ಹಾಕಿದ್ದ ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲೂ ಪ್ಲಸ್ ಗುರುತು! ಅಂಥ ಫಿಲಿಪ್ಸ್ ಸ್ಕ್ರೂಗಳು ಬಂದದ್ದೇ 1930ರ ದಶಕದಲ್ಲಿ. ಪಕ್ಕದಲ್ಲಿ ಕುಳಿತಿದ್ದ ನನ್ನ ಭಾವಮೈದ ಗಟ್ಟಿಯಾಗಿ ನಕ್ಕುಬಿಟ್ಟ. ಆ ನಗು ಇನ್ನೂ ಕಿವಿಯಲ್ಲಿದೆ.

ವ್ಯಾಪಾರಿಗೆ ಫೋನ್ ಮಾಡಿದರೆ, “ಹಳೇ ಸ್ಕ್ರೂ ಸವೆದಿತ್ತು ಸಾರ್, ರಿಪೇರಿ ಮಾಡಿಸಿದ್ವಿ” ಎಂದ. ಹಾಗಿದ್ದರೆ ಮರದಲ್ಲಿ ಹಳೆಯ ತೂತುಗಳ ಗುರುತಾದರೂ ಇರಬೇಕಲ್ಲ ಎಂದರೆ ಉತ್ತರವಿಲ್ಲ. ಕೈವಾರದ ಕಾಲಿನ ಹೊಳಪು ಹಪ್ಪಳೆಯಂತೆ ಎದ್ದು ಒಳಗಿನ ತುಕ್ಕು ಕಾಣುತ್ತಿದೆ ಎಂದದ್ದಕ್ಕೆ, “ಮಲೆನಾಡಿನ ಮಳೆ ಸಾರ್, ಏನು ಮಾಡೋದು” ಎಂದ. ತಾಮ್ರ, ಸತು, ನಿಕ್ಕಲ್ ಬೆರೆಸಿದ ಜರ್ಮನ್ ಸಿಲ್ವರ್ ಎಂದು ಹೇಳಿ ಕೊಟ್ಟವನು ಅವನೇ. ಆ ಲೋಹಕ್ಕೆ ಎಷ್ಟೇ ಮಳೆ ಬಿದ್ದರೂ ಕಬ್ಬಿಣದ ಕೆಂಪು ತುಕ್ಕು ಹಿಡಿಯುವುದಿಲ್ಲ. ಕೊನೆಗೆ ಅವನು ಆಡಿದ ಮಾತು ಇದು: “ಶೋಕೇಸಲ್ಲಿ ಇಟ್ಕೊಳ್ಳಿ ಸಾರ್, ನೋಡಿದವರಿಗೆ ಏನು ಗೊತ್ತಾಗುತ್ತೆ?” ಹಣ ಹೋದದ್ದಕ್ಕಿಂತ ಈ ಮಾತಿಗೇ ನನಗೆ ಹೆಚ್ಚು ಮೈ ಉರಿಯಿತು.

ಇಂಥ ಪೆಟ್ಟಿಗೆ ನೋಡಲು ಹೋಗುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡಿರಿ. ಉಕ್ಕಿನ ಮೊನೆ ಅಂಟಿಕೊಳ್ಳುತ್ತದೆ, ಜರ್ಮನ್ ಸಿಲ್ವರಿನ ಕಾಲು ಅಂಟಿಕೊಳ್ಳುವುದಿಲ್ಲ. ಸ್ಕ್ರೂ ನೋಡದೆ ದುಡ್ಡು ಎಣಿಸಬೇಡಿ. ಎಸ್ಟೇಟ್ ಬಂಗಲೆಯ ಕಥೆಯನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ.

ಹಣ ವಾಪಸ್ ಕೊಡು ಎಂದರೆ, ಬದಲಿಗೆ “ಅಸಲಿ ಆನೆ ದಂತದ ಸ್ಕೇಲ್” ಕೊಡುತ್ತೇನೆ ಎನ್ನುತ್ತಿದ್ದಾನೆ. ಅದು ನಿಜವಾಗಿ ದಂತವೇ ಆಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ. ಅಲ್ಲದಿದ್ದರೆ ಇನ್ನೊಂದು ಪ್ಲಾಸ್ಟಿಕ್ ಪಟ್ಟಿ. ಎರಡೂ ನನಗೆ ಬೇಡ, ನನ್ನ ಹಣ ಬೇಕು ಎಂದು ಮೆಸೇಜ್ ಕಳಿಸಿದ್ದೇನೆ, ಓದಿದ್ದಾನೆ, ಉತ್ತರಿಸಿಲ್ಲ.