1968ರ ಮಸ್ಟಾಂಗ್, 1969ರ ಕಮಾರೊ: ಎರಡನ್ನೂ ವರ್ಷಗಟ್ಟಲೆ ಇಟ್ಟುಕೊಂಡ ಮೇಲೆ

ಮಿಷಿಗನ್‌ನ ನಮ್ಮ ಗ್ಯಾರೇಜಿನಲ್ಲಿ 1968ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್ ಹನ್ನೊಂದು ವರ್ಷಗಳಿಂದಲೂ 1969ರ ಷೆವರ್ಲೆ ಕಮಾರೊ ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಹೆಚ್ಚು ಶಕ್ತಿಯ ಆವೃತ್ತಿ) ಏಳು ವರ್ಷಗಳಿಂದಲೂ ಇವೆ. ಓಡಿಸುವ ಸುಖಕ್ಕೆಂದು ಕೇಳುವವರಿಗೆ ನಾನು ಕಮಾರೊವನ್ನೇ ಹೇಳುತ್ತೇನೆ. ಸಂಗ್ರಹಕ್ಕೆಂದು ಕೇಳುವವರಿಗೆ ಮಸ್ಟಾಂಗ್ ಹೇಳುತ್ತೇನೆ. ಅದಕ್ಕೆ ಕಾರಣ ದಾಖಲೆ.

ಮಸ್ಟಾಂಗಿನ ಗುರುತು ಸಂಖ್ಯೆಯ ಐದನೆಯ ಅಕ್ಷರವೇ ಕಾರ್ಖಾನೆ ಕೂರಿಸಿದ ಎಂಜಿನ್ ಯಾವುದೆಂದು ತಿಳಿಸುತ್ತದೆ. ನನ್ನದರಲ್ಲಿ ಅದು 'ಎಸ್', ಅಂದರೆ 325 ಅಶ್ವಶಕ್ತಿಯ 390 ಘನ ಇಂಚಿನ ವಿ8, ಎಂದರೆ ಎಂಟು ಸಿಲಿಂಡರಿನ ಎಂಜಿನ್. ಇದಲ್ಲದೆ 1967ರಿಂದೀಚಿನ ಮಾದರಿಗಳ ಉತ್ಪಾದನಾ ದಾಖಲೆಗಳನ್ನು ಫೋರ್ಡ್‌ನ ಪರವಾನಗಿಯೊಂದಿಗೆ ಮಾರ್ಟಿ ಆಟೋ ವರ್ಕ್ಸ್ ಎಂಬ ಸಂಸ್ಥೆ ಇಟ್ಟುಕೊಂಡಿರುವುದರಿಂದ, ಗಾಡಿ ಹುಟ್ಟಿದಾಗ ಅದರ ಬಣ್ಣ, ಗೇರ್‌ಬಾಕ್ಸ್, ಆಕ್ಸಲ್ ಏನಿದ್ದವು ಎಂಬ ವರದಿಯನ್ನು ಹಣ ಕೊಟ್ಟು ತರಿಸಿಕೊಳ್ಳಬಹುದು.

1969ರ ಕಮಾರೊದ ಗುರುತು ಸಂಖ್ಯೆ ಆರು ಸಿಲಿಂಡರೋ ವಿ8ಓ ಎಂಬುದನ್ನಷ್ಟೇ ಹೇಳುತ್ತದೆ. ಎಸ್‌ಎಸ್ ಹೌದೋ ಅಲ್ಲವೋ ಎಂಬುದು ಅದರಲ್ಲಿ ಇಲ್ಲ. ಹೀಗಾಗಿ ಸಾಮಾನ್ಯ ಕಮಾರೊಗೆ ಲಾಂಛನ ಅಂಟಿಸಿ ಎಸ್‌ಎಸ್ ಎಂದು ಮಾರುವವರು ಹೆಚ್ಚು. ನಾನು ಕೊಳ್ಳುವಾಗ ಮಾರಾಟಗಾರರು ಎಂಜಿನ್ ಮೂಲದ್ದೇ ಎಂದರು, ಎಂಜಿನ್ ಮೇಲೆ ಒತ್ತಿದ್ದ ಸಂಖ್ಯೆ ಗಾಡಿಯ ಗುರುತು ಸಂಖ್ಯೆಗೂ ಹೊಂದಿತು. ಎರಡು ವರ್ಷಗಳ ನಂತರ, ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ ಆ ಸಂಖ್ಯೆ ಒತ್ತಿರುವ ಸಣ್ಣ ಸಮತಟ್ಟು ಜಾಗದ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಕಾರ್ಖಾನೆಯ ಯಂತ್ರ ಬಿಡುವ ಕೂದಲೆಳೆಯಂಥ ಸಮಾನಾಂತರ ಗೀರುಗಳು ಅಲ್ಲಿ ಒಂದೂ ಇರಲಿಲ್ಲ. ಯಾರೋ ಅದನ್ನು ಉಜ್ಜಿ ನುಣುಪು ಮಾಡಿ ಮೇಲೆ ಹೊಸದಾಗಿ ಅಂಕಿ ಒತ್ತಿದ್ದರು. ಆ ದಿನದ ನೋವು ಇನ್ನೂ ಪೂರ್ತಿ ಹೋಗಿಲ್ಲ.

ಆದರೂ ರಸ್ತೆಗಿಳಿದರೆ ಕಮಾರೊವೇ ಹಗುರ. ಅದರ ಮುಂಭಾಗದ ಸಬ್‌ಫ್ರೇಮ್ (ಎಂಜಿನ್ ಹೊರುವ ಚೌಕಟ್ಟು) ರಬ್ಬರ್ ಬುಶ್‌ಗಳ ಮೇಲೆ ಬೋಲ್ಟ್‌ಗಳಲ್ಲಿ ಕೂತಿರುವುದರಿಂದ ಹಳ್ಳಕೊಳ್ಳಗಳ ಏಟು ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಅದರ 350 ಘನ ಇಂಚಿನ ಎಂಜಿನ್ ಸುತ್ತ ಕೈಯಾಡಿಸಲು ಜಾಗವೂ ಇದೆ. ಮಸ್ಟಾಂಗಿನಲ್ಲಿ ಎರಡೂ ಬದಿಯ ಶಾಕ್ ಟವರುಗಳ (ಮುಂಗಾಲಿಯ ಸ್ಪ್ರಿಂಗ್, ಶಾಕ್‌ಗಳನ್ನು ಹಿಡಿದಿಡುವ ಉಕ್ಕಿನ ಗೂಡುಗಳ) ನಡುವೆ 390 ಎಂಜಿನ್ ಇಕ್ಕಟ್ಟಾಗಿ ಕೂತಿದ್ದು, ಸ್ಪಾರ್ಕ್ ಪ್ಲಗ್ ಬದಲಿಸಲು ನನಗೆ ಅರ್ಧ ದಿನ ಬೇಕಾಗುತ್ತದೆ. ಮೂತಿಯ ಭಾರ ತಿರುವುಗಳಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ.

ನಿರ್ವಹಣೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡಕ್ಕೂ ಸತುವಿನ ಅಂಶ ಹೆಚ್ಚಿರುವ ಎಂಜಿನ್ ಆಯಿಲ್ಲನ್ನೇ ಹಾಕುತ್ತೇನೆ, ಎಥನಾಲ್ ತಡೆಯುವ ಪೆಟ್ರೋಲ್ ಪೈಪುಗಳನ್ನು ಹಾಕಿಸಿದ್ದೇನೆ, ಉಪ್ಪು ಸುರಿದ ಚಳಿಗಾಲದ ರಸ್ತೆಗೆ ಎರಡನ್ನೂ ಇಳಿಸುವುದಿಲ್ಲ. ಮಸ್ಟಾಂಗ್ ಕೊಳ್ಳುವವರು ಮಾತ್ರ ಮುಂಗಾಜಿನ ಕೆಳಗಿರುವ ಗಾಳಿಕಿಂಡಿಗಳಿಗೆ ಒಂದು ತಂಬಿಗೆ ನೀರು ಹೊಯ್ದು, ಒಳಗಿನ ಕಾರ್ಪೆಟ್ ಒದ್ದೆಯಾಗುತ್ತದೆಯೇ ಎಂದು ಮುಟ್ಟಿ ನೋಡಬೇಕು. ಆ ಕಾಲದ ಮಸ್ಟಾಂಗ್‌ಗಳಿಗೆ ತುಕ್ಕು ಹಿಡಿಯುವ ಜಾಗ ಅದು, ರಿಪೇರಿಯೂ ದುಬಾರಿ.

ಕಮಾರೊವನ್ನು ಎಂದಾದರೂ ಮಾರಿದರೆ, ಬೆಲೆ ಹೇಳುವ ಮೊದಲೇ ಆ ನುಣುಪಾದ ಜಾಗವನ್ನು ಕೊಳ್ಳುವವರಿಗೆ ಟಾರ್ಚ್ ಹಿಡಿದು ತೋರಿಸುತ್ತೇನೆ.