ಪ್ರಿಡೇಟರ್ ಫಿಗರ್: ಪೆಟ್ಟಿಗೆ ಬಿಚ್ಚುವ ಮುಂಚೆ ನೀರು ಕಾಯಿಸಿಟ್ಟುಕೊಳ್ಳಿ

ಆಟಿಕೆ ತಯಾರಿಸುವ ನೆಕಾ ಕಂಪನಿಯ ‘ಅಲ್ಟಿಮೇಟ್ ಜಂಗಲ್ ಹಂಟರ್’ ಪ್ರಿಡೇಟರ್ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ಸಿನಿಮಾ ಗೊಂಬೆ, ಅದರ ಬಗ್ಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಈ ಬೆಲೆಗೆ ಇಂಥ ಕೆತ್ತನೆಯ ಫಿಗರ್ ಇನ್ನೊಂದು ಸಿಗುವುದು ಕಷ್ಟ. ಆದರೆ ಪೆಟ್ಟಿಗೆಯಿಂದ ತೆಗೆದ ಮೊದಲ ಹತ್ತು ನಿಮಿಷ ಎಚ್ಚರ ತಪ್ಪಿದರೆ ಇಷ್ಟು ಸುಲಭವಾಗಿ ಮುರಿಯುವ ಫಿಗರ್ ಕೂಡ ಇನ್ನೊಂದಿಲ್ಲ. ಮುರಿಯಿತು ಎಂದು ಗೋಳಾಡುವವರಲ್ಲಿ ಬಹುಪಾಲು ಜನ ಅದನ್ನು ತಣ್ಣಗಿರುವಾಗಲೇ ತಿರುಗಿಸಿರುತ್ತಾರೆ.

‘ಪ್ರಿಡೇಟರ್’ ಸರಣಿಯ 1987ರ ಮೊದಲ ಚಿತ್ರದಲ್ಲಿ ಮಧ್ಯ ಅಮೆರಿಕದ ಕಾಡಿಗೆ ಇಳಿದು ಬಂದು, ಆಯುಧ ಹಿಡಿದವರನ್ನು ಹುಡುಕಿ ಹುಡುಕಿ ಕೊಂದು ತಲೆಬುರುಡೆ ಕೂಡಿಸಿಕೊಳ್ಳುವ ಆ ಅನ್ಯಗ್ರಹದ ಬೇಟೆಗಾರನ ರೂಪ ಇದು. ಸ್ಟಾನ್ ವಿನ್‌ಸ್ಟನ್ ರೂಪಿಸಿದ ವೇಷವನ್ನು ತೊಟ್ಟು ನಟಿಸಿದ್ದ ಕೆವಿನ್ ಪೀಟರ್ ಹಾಲ್ 7 ಅಡಿ 2 ಇಂಚು ಎತ್ತರದ ಮನುಷ್ಯ. ಫಿಗರ್ ಇರುವುದು ‘7 ಇಂಚಿನ ಅಳತೆ’ಯಲ್ಲಿ. ಅಂದರೆ ಈ ಸಾಲಿನಲ್ಲಿ ಸಾಮಾನ್ಯ ಮನುಷ್ಯ 7 ಇಂಚು, ಬೇಟೆಗಾರ ಸುಮಾರು 8 ಇಂಚು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಹತ್ತಕ್ಕೆ ಒಂದರ ಪ್ರಮಾಣ. ಕಪಾಟಿನಲ್ಲಿ ಈಗಾಗಲೇ 6 ಇಂಚಿನ, ಅಂದರೆ ಹನ್ನೆರಡಕ್ಕೆ ಒಂದರ ಫಿಗರ್‌ಗಳಿದ್ದರೆ ಇದನ್ನು ಅವುಗಳ ಪಕ್ಕ ನಿಲ್ಲಿಸಬೇಡಿ. ಅಲ್ಲಿ ಇದು 8 ಅಡಿಯ ದೈತ್ಯನಾಗಿ ಕಾಣುತ್ತದೆ.

ಪೆಟ್ಟಿಗೆಯ ಮುಂಭಾಗದ ರಟ್ಟು ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ, ಒಳಗೆ ಪಾರದರ್ಶಕ ಕಿಟಕಿ. ಮುಖವಾಡ ಹಾಕಿದ ತಲೆ, ಮುಖವಾಡ ಇಲ್ಲದ ತಲೆ, ಬದಲಾಯಿಸುವ ಕೈಗಳು, ಬಿಚ್ಚಿಡಬಹುದಾದ ಭುಜದ ಫಿರಂಗಿ, ಮುಂಗೈ ಬ್ಲೇಡ್, ಒಂದು ತಲೆಬುರುಡೆ ಇಷ್ಟು ಸರಂಜಾಮು. ಎಡ ಮುಂಗೈ ಕವಚದ ಮುಚ್ಚಳ ತೆರೆದರೆ ಚಿತ್ರದ ಕೊನೆಯಲ್ಲಿ ಸ್ಫೋಟಕ್ಕೆ ಗಣನೆ ಶುರುಮಾಡುವ ಯಂತ್ರ ಕಾಣಿಸುತ್ತದೆ. ಸಣ್ಣ ಬಿಡಿಭಾಗಗಳನ್ನು ತೆಗೆಯುವಾಗ ಪ್ಲಾಸ್ಟಿಕ್ ತಟ್ಟೆಯನ್ನು ತಲೆಕೆಳಗೆ ಮಾಡಿ ಕೊಡವಬೇಡಿ. ಹಿಂಬದಿಯಿಂದ ಬೆರಳಲ್ಲಿ ಒತ್ತಿ ಒಂದೊಂದಾಗಿ ಎಬ್ಬಿಸಿ.

ಹತ್ತಿರದಿಂದ ನೋಡಿದರೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಮೈಗೆ ಅಂಟಿದ ಬಲೆ ಬಳಿದ ಬಣ್ಣವಲ್ಲ, ಅಚ್ಚಿನಲ್ಲೇ ಎದ್ದು ಬಂದ ಕೆತ್ತನೆ. ಉಗುರು ಆಡಿಸಿದರೆ ಒಂದೊಂದು ಎಳೆಯೂ ಕೈಗೆ ಸಿಗುತ್ತದೆ. ಹೊಟ್ಟೆಯ ಕಡೆ ತಿಳಿಹಳದಿ ಇದ್ದ ಚರ್ಮ ತೊಡೆಯ ಹೊರಬದಿಗೆ ಹೋಗುತ್ತಾ ಕಂದಾಗಿ, ಅದರ ಮೇಲೆ ಒಂದರಂತೆ ಒಂದಿಲ್ಲದ ಕಪ್ಪು ಮಚ್ಚೆಗಳು. ತಗ್ಗುಗಳಲ್ಲಿ ತೆಳು ಗಾಢ ಬಣ್ಣ ಇಳಿಬಿಟ್ಟಿರುವುದರಿಂದ ಸ್ನಾಯುಗಳು ಮಂದ ಬೆಳಕಿನಲ್ಲೂ ಎದ್ದು ಕಾಣುತ್ತವೆ. ಆದರೆ ತೊಂದರೆಯ ಮೂಲವೂ ಈ ಬಣ್ಣವೇ.

ಈ ಫಿಗರ್‌ನಲ್ಲಿ 25ಕ್ಕೂ ಹೆಚ್ಚು ಕಡೆ ಕೀಲುಗಳಿವೆ. ಜೋಡಿಸಿದ ಮೇಲೆ ಬಳಿದ ಬಣ್ಣ ಕೀಲಿನ ಸಂದಿಗೆ ಇಳಿದು ಒಣಗಿ, ಪೆಗ್ಗನ್ನೂ (ಕೀಲಿನೊಳಗಿನ ಸಣ್ಣ ಗೂಟ) ಅದು ಕೂರುವ ಗೂಡನ್ನೂ ಅಂಟು ಹಾಕಿದಂತೆ ಹಿಡಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ತಿರುಗದ ಕೀಲು, ಒಳಗೆ ನಾಲ್ಕು ಮಿಲಿಮೀಟರ್ ಕೂಡ ದಪ್ಪವಿಲ್ಲದ ಪೆಗ್. ಬಲ ಹಾಕಿದರೆ ಬಿಡುವುದು ಬಣ್ಣವಲ್ಲ, ಪೆಗ್ಗೇ ಚಕ್ಕುಲಿಯ ಹಾಗೆ ತಿರುಚಿಕೊಂಡು ಪಟ್ಟನೆ ಹೋಗುತ್ತದೆ. ಮೊದಲು ಹೋಗುವುದು ಮಣಿಕಟ್ಟು, ಆಮೇಲೆ ಹಿಮ್ಮಡಿಯ ಗೆಣ್ಣು, ಆಮೇಲೆ ಮೊಣಕೈ.

ಪರಿಹಾರ ಬಿಸಿನೀರು. ಮೈಯ ಬಹುಭಾಗ ಪಿವಿಸಿ ಪ್ಲಾಸ್ಟಿಕ್. 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಂತೆ ಅದು ಮೆತ್ತಗಾಗಿ ಗೂಡು ಸ್ವಲ್ಪ ಹಿಗ್ಗುತ್ತದೆ, ಬಣ್ಣದ ಹಿಡಿತ ಸಡಿಲುತ್ತದೆ. ಕುದಿಯುವ ನೀರು ಬೇಡ. ತಳದಿಂದ ಸಣ್ಣ ಗುಳ್ಳೆಗಳು ಏಳಲು ಶುರುವಾದಾಗಲೇ ಒಲೆಯಿಂದ ಇಳಿಸಿ, ಅಗಲ ಬಟ್ಟಲಿಗೆ ಸುರಿದು ಒಂದು ನಿಮಿಷ ಬಿಡಿ. ಆಮೇಲೆ ಇಡೀ ಗೊಂಬೆಯನ್ನು ಮುಳುಗಿಸದೆ, ಬೇಕಾದ ಕೈಯೋ ಕಾಲೋ ಅಷ್ಟನ್ನೇ 30ರಿಂದ 40 ಸೆಕೆಂಡು ಅದ್ದಿ. ಹೊರತೆಗೆದು ಕೀಲಿನ ಎರಡೂ ಬದಿಯನ್ನು, ಸಂದಿಗೆ ಆದಷ್ಟು ಹತ್ತಿರದಲ್ಲಿ, ಬೆರಳಿನಿಂದ ಗಟ್ಟಿಯಾಗಿ ಹಿಡಿಯಿರಿ. ಒಂದೇ ದಿಕ್ಕಿಗೆ ತಿರುಗಿಸಬೇಡಿ. ಆಚೆ ಒಂದು ಕೂದಲೆಳೆ, ಈಚೆ ಒಂದು ಕೂದಲೆಳೆ ಆಡಿಸಿ. ಸಣ್ಣ ‘ಟಿಕ್’ ಸದ್ದು ಬಂದರೆ ಬಣ್ಣ ಬಿಟ್ಟಿತೆಂದು ಅರ್ಥ. ಸದ್ದಿಲ್ಲದೆ ರಬ್ಬರಿನ ಹಾಗೆ ತಿರುಗಿ, ಕೈ ಬಿಟ್ಟರೆ ವಾಪಸು ಬಂದರೆ ಅಲ್ಲಿಗೆ ನಿಲ್ಲಿಸಿ. ಪೆಗ್ ತಿರುಚಿಕೊಳ್ಳುತ್ತಿದೆ, ಕೀಲು ತಿರುಗುತ್ತಿಲ್ಲ. ಆರಲು ಬಿಟ್ಟು ಮತ್ತೆ ಅದ್ದಿ.

ಹೇರ್ ಡ್ರೈಯರ್ ಕೂಡ ಆಗುತ್ತದೆ, ಆದರೆ ಶಾಖ ಒಂದೇ ಕಡೆ ಬೀಳುತ್ತದೆ. ಕೈಯಷ್ಟು ದೂರದಲ್ಲಿ ಆಡಿಸುತ್ತಲೇ ಇರಬೇಕು. ನೀರಿನಲ್ಲಿ ಆ ರಗಳೆ ಇಲ್ಲ. ಕೆಲಸ ಮುಗಿದ ಮೇಲೆ ಮಾತ್ರ ಒರೆಸಿ, ಕಾಲು ಮೇಲೆ ಮಾಡಿ ಇಟ್ಟು, ಕೀಲಿನೊಳಗಿನ ನೀರು ಇಳಿಯಲು ಬಿಡಿ. ಬಿಡಿಸಿದ ಕೀಲಿಗೆ ಒಂದು ಹನಿ ಸಿಲಿಕೋನ್ ಎಣ್ಣೆ ಹಾಕಿದರೆ ಮತ್ತೆ ಹಿಡಿಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ಕೊಬ್ಬರಿ ಎಣ್ಣೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಮನೆಯಲ್ಲಿ ಇದೆ ಎಂಬ ಕಾರಣಕ್ಕೆ ಎರಡನ್ನೂ ಮುಟ್ಟಬೇಡಿ.

ಕೈ ಬದಲಾಯಿಸುವಾಗ ಬಿಸಿ ಮಾಡಬೇಕಾದ್ದು ಹಸ್ತವನ್ನು, ಮುಂಗೈಯನ್ನಲ್ಲ. ಹಸ್ತದ ತೂತು ಹಿಗ್ಗಬೇಕು, ಪೆಗ್ ಗಟ್ಟಿಯಾಗಿಯೇ ಉಳಿಯಬೇಕು. ಅಲುಗಾಡಿಸದೆ ನೇರಕ್ಕೆ ಎಳೆಯಿರಿ. ಹೊಸ ಹಸ್ತವನ್ನೂ ಬಿಸಿ ಮಾಡಿಯೇ ತೂರಿಸಿ. ತಲೆಯದೂ ಇದೇ ಲೆಕ್ಕ, ಆದರೆ ಜಡೆಗಳನ್ನು ಹಿಡಿದು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಜಡೆ ಬುಡದಲ್ಲೇ ಸೀಳುತ್ತದೆ. ಕೆನ್ನೆಯ ಎರಡು ಬದಿಗೆ ಹೆಬ್ಬೆರಳು ಕೊಟ್ಟು ಮೇಲಕ್ಕೆತ್ತಿ. ಈ ಜಡೆಗಳಿಂದ ಇನ್ನೊಂದು ಕೊರತೆಯೂ ಇದೆ: ತಲೆ ಪಕ್ಕಕ್ಕೆ ಹೆಚ್ಚು ತಿರುಗುವುದಿಲ್ಲ, ಮೇಲೆ ನೋಡುವುದಂತೂ ಇಲ್ಲವೇ ಇಲ್ಲ ಎನ್ನಬಹುದು. ಮರದ ಕೊಂಬೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೆಳಗೆ ನೋಡುವ ಭಂಗಿ ಬೇಕೆಂದರೆ ಸೊಂಟದಿಂದಲೇ ಬಾಗಿಸಬೇಕು. ಮೊಣಕಾಲೂ ಪೂರ್ತಿ ಮಡಚುವುದಿಲ್ಲ.

ಬ್ಲೇಡುಗಳು ಪೆಟ್ಟಿಗೆಯಲ್ಲೇ ಬಾಗಿರುವುದು ಮಾಮೂಲು. ಅದು ದೋಷವೆಂದು ವಾಪಸು ಕಳಿಸಬೇಕಿಲ್ಲ. ಬಿಸಿನೀರಲ್ಲಿ 15 ಸೆಕೆಂಡು ಅದ್ದಿ, ಸಮತಟ್ಟಾದ ಚಮಚದ ಹಿಡಿಯ ಮೇಲೆ ಒತ್ತಿ ನೇರ ಮಾಡಿ, ಒತ್ತಿ ಹಿಡಿದಂತೆಯೇ ತಣ್ಣೀರಿಗೆ ಇಳಿಸಿ. ತಣ್ಣೀರು ತಪ್ಪಿಸಿದರೆ ಸಂಜೆಯೊಳಗೆ ಮತ್ತೆ ಸೊಟ್ಟ. ಭುಜದ ಫಿರಂಗಿ ಸಡಿಲವಾಗಿದ್ದು ಆಗಾಗ ಉದುರುತ್ತದೆ. ಸೂಪರ್ ಗ್ಲೂ ಹಾಕಿ ಶಾಶ್ವತ ಮಾಡುವ ಬದಲು ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆಯ ಅಂಟನ್ನು ಸಾಸಿವೆ ಕಾಳಿನಷ್ಟು ಇಟ್ಟರೆ ಸಾಕು.

ನಿಲ್ಲಿಸುವುದು ಒಂದು ಕಲೆ. ಜಡೆ, ಬೆನ್ನಿನ ಸರಂಜಾಮು, ಫಿರಂಗಿ ಎಲ್ಲ ಭಾರ ಹಿಂದಕ್ಕೆ ಬೀಳುವುದರಿಂದ ನೆಟ್ಟಗೆ ನಿಲ್ಲಿಸಿದ ಗೊಂಬೆ ಹಿಂದಕ್ಕೇ ಉರುಳುತ್ತದೆ. ಒಂದು ಪಾದ ಅರ್ಧ ಹೆಜ್ಜೆ ಮುಂದೆ, ಮೊಣಕಾಲು ಎರಡೂ ತುಸು ಬಾಗಿ, ಎದೆ ಮುಂದಕ್ಕೆ. ಪಾದದ ತಳ ಪೂರ್ತಿ ನೆಲ ಮುಟ್ಟಿದೆಯೇ ಎಂದು ನೋಡಲು ಅಡಿಯಲ್ಲಿ ಒಂದು ಕಾಗದ ತೂರಿಸಿ. ಸಲೀಸಾಗಿ ಜಾರಿದರೆ ಗೆಣ್ಣು ಇನ್ನೂ ಓರೆಯಾಗಿದೆ. ಹೀಗೆ ಬಾಗಿ ನಿಂತಾಗಲೇ ಬೇಟೆಗಾರನ ಗತ್ತು ಬರುವುದು. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಲ್ಲಿಸಿದರೆ ಬಸ್ಸಿಗೆ ಕಾಯುತ್ತಿರುವಂತೆ ಕಾಣುತ್ತಾನೆ.

ಎಲ್ಲ ಎಚ್ಚರದ ನಂತರವೂ ಮಣಿಕಟ್ಟಿನ ಪೆಗ್ ಮುರಿದರೆ ಎಸೆಯಬೇಡಿ. ಬರೀ ಸೂಪರ್ ಗ್ಲೂ ಹಾಕಿದರೆ ನಿಲ್ಲುವುದಿಲ್ಲ, ಮೇಲಾಗಿ ಕೀಲೂ ಜಾಮ್ ಆಗುತ್ತದೆ. ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್‌ನಿಂದ ಎರಡೂ ತುಂಡಿನ ನಟ್ಟನಡುವೆ 1 ಮಿ.ಮೀ. ತೂತು, ತಲಾ 4 ಮಿ.ಮೀ. ಆಳ ಕೊರೆಯಿರಿ. ಅಷ್ಟೇ ದಪ್ಪದ ಉಕ್ಕಿನ ತಂತಿ 8 ಮಿ.ಮೀ. ಕತ್ತರಿಸಿ, ಸೂಜಿಮೊನೆಯಷ್ಟು ಅಂಟು ಸವರಿ ಸೇರಿಸಿ. ಪೇಪರ್ ಕ್ಲಿಪ್ಪಿನ ತಂತಿ ತೂತಿನಲ್ಲಿ ಕೂರುವಂತಿದ್ದರೆ ಅದೂ ಸಾಕು. ಮುರಿದ ತುಂಡು ಹಸ್ತದೊಳಗೇ ಸಿಕ್ಕಿಕೊಂಡಿದ್ದರೆ ಅದಕ್ಕೆ ತೂತು ಕೊರೆದು ಕನ್ನಡಕದ ಅಳತೆಯ ಸಣ್ಣ ಸ್ಕ್ರೂ ತಿರುಗಿಸಿ, ಹಸ್ತ ಬಿಸಿ ಮಾಡಿ, ಸ್ಕ್ರೂ ಹಿಡಿದು ಎಳೆಯಿರಿ. ಇದಕ್ಕೆ ತದ್ವಿರುದ್ಧವಾಗಿ ಕೀಲು ಸಡಿಲವಾದರೆ ಅದರ ಗುಂಡನೆಯ ಭಾಗಕ್ಕೆ ಬಿಳಿ ಫೆವಿಕಾಲ್ ತೆಳುವಾಗಿ ಬಳಿದು, ಪೂರ್ತಿ ಒಣಗಿ ಪಾರದರ್ಶಕವಾದ ಮೇಲೆ ಜೋಡಿಸಿ. ಒದ್ದೆ ಇರುವಾಗ ಜೋಡಿಸಿದರೆ ಅಂಟಿಕೊಳ್ಳುತ್ತದೆ.

ನಮ್ಮ ಹವೆಯ ವಿಚಾರ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಬಿಸಿಲು ನೇರ ಬೀಳುವ ಗಾಜಿನ ಕಪಾಟಿನೊಳಗೆ ಅದಕ್ಕಿಂತ ಹೆಚ್ಚು. ಆ ಶಾಖಕ್ಕೆ ಗೆಣ್ಣು ನಿಧಾನಕ್ಕೆ ಬಾಗಿ, ಒಂದು ದಿನ ಬೇಟೆಗಾರ ಮುಗ್ಗರಿಸಿ ಬಿದ್ದಿರುತ್ತಾನೆ, ಬೀಳುವಾಗ ಬ್ಲೇಡೋ ಫಿರಂಗಿಯೋ ಹೋಗಿರುತ್ತದೆ. ಬೇಸಿಗೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ ಇಡಿ ಅಥವಾ ಒಳಗೋಡೆಯ ಕಪಾಟಿಗೆ ಬದಲಿಸಿ. ಬಿಸಿಲಿಗೆ ಬಣ್ಣವೂ ಮಾಸುತ್ತದೆ. ಗಾಳಿಯಾಡದ ಕಪಾಟಿನಲ್ಲಿ ಪಿವಿಸಿಯನ್ನು ಮೆತ್ತಗಿಡುವ ದ್ರವ ಹೊರಬಂದು ಮೈ ಜಿಗುಟಾಗುವುದುಂಟು. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಸ್ಪಿರಿಟ್, ಥಿನ್ನರ್ ತಾಗಿದರೆ ಬಣ್ಣವೇ ಎದ್ದು ಬರುತ್ತದೆ. ಕರಾವಳಿಯವರು ಕಪಾಟಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ಬದಲಿಸುತ್ತಿರಲಿ. ಗೊಂಬೆಗಿಂತ ಹೆಚ್ಚಾಗಿ ರಟ್ಟಿನ ಪೆಟ್ಟಿಗೆ ಉಳಿಯುವುದು ಅದರಿಂದ.

ಬೆಲೆ ಅಮೆರಿಕದಲ್ಲಿ 30ರಿಂದ 40 ಡಾಲರ್ ಆಸುಪಾಸು. ಇಲ್ಲಿ ಅದೇ ಮೊತ್ತವನ್ನು ರೂಪಾಯಿಗೆ ತಿರುಗಿಸಿ ನಿರೀಕ್ಷಿಸಿದರೆ ನಿರಾಶೆ. ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ ಕಡ್ಡಾಯ. ಆದ್ದರಿಂದ ಹೊರದೇಶದ ಅಂಗಡಿಯಿಂದ ತರಿಸುವವರು ಸಾಗಣೆ, ಸುಂಕ ಎರಡನ್ನೂ ಮೊದಲೇ ಕೇಳಿಕೊಂಡು ಒಟ್ಟು ಲೆಕ್ಕ ನೋಡಬೇಕು.

ಆ ಒಟ್ಟು ಲೆಕ್ಕದ ಅರ್ಧಕ್ಕೂ ಕಡಿಮೆಗೆ ಸಿಗುವುದು ನಕಲಿ ಮಾಲು. ಗುರುತಿಸುವುದು ಕಷ್ಟವೇನಲ್ಲ. ಬಲೆಯ ಎಳೆ ಕರಗಿದಂತೆ ಚಪ್ಪಟೆ, ಮೈಬಣ್ಣ ಒಂದೇ ಸಮ, ಪೆಟ್ಟಿಗೆಯ ಸಣ್ಣ ಅಕ್ಷರ ಮಸುಕು, ಬಿಚ್ಚಿದ ತಕ್ಷಣ ಮೂಗಿಗೆ ರಾಚುವ ರಾಸಾಯನಿಕ ವಾಸನೆ. ಮಾರುವವರ ಬಳಿ ತೊಡೆಯ ಮೇಲಿನ ಮಚ್ಚೆಗಳ ಹತ್ತಿರದ ಫೋಟೊ ಕೇಳಿ. ಅಸಲಿ ಇದ್ದವರು ತೆಗೆದು ಕಳಿಸುತ್ತಾರೆ. ಕಂಪನಿಯ ಜಾಹೀರಾತಿನ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುವವರಿಂದ ದೂರ ಇರಿ.

ಜಾಗ ಕಡಿಮೆ ಇದ್ದವರಿಗೆ ಹಿಯಾ ಟಾಯ್ಸ್‌ನ ಹದಿನೆಂಟಕ್ಕೆ ಒಂದರ ಪುಟ್ಟ ಫಿಗರ್‌ಗಳಿವೆ. ಅಂಗೈಯಗಲದ ಗೊಂಬೆಯಲ್ಲಿ ಕೀಲು ಇನ್ನೂ ನಾಜೂಕು, ಅಲ್ಲೂ ಬಿಸಿನೀರೇ ಗತಿ. ದುಡ್ಡಿನ ಚಿಂತೆ ಇಲ್ಲದವರಿಗೆ ಹಾಟ್ ಟಾಯ್ಸ್‌ನ ಆರಕ್ಕೆ ಒಂದರ, ಸುಮಾರು 35 ಸೆಂ.ಮೀ. ಎತ್ತರದ ಪ್ರತಿಮೆಗಳಿವೆ, ಬೆಲೆ ಹಲವು ಪಟ್ಟು. ನೆಕಾದ್ದನ್ನು ಪೂರ್ತಿ ಬಿಟ್ಟು ಅತ್ತ ಹೋಗಬೇಕಾದಷ್ಟು ಅಂತರ ಕೆತ್ತನೆಯಲ್ಲಿ ನನಗೆ ಕಾಣುವುದಿಲ್ಲ. ಕೀಲು ಮತ್ತು ಬಟ್ಟೆಯ ಕೆಲಸದಲ್ಲಿ ಮಾತ್ರ ಖಂಡಿತ ಇದೆ.

ಒಂದು ಕೊಂಡವರು ಎರಡನೆಯದಕ್ಕೆ ಕೈ ಹಾಕುವುದು ಹೆಚ್ಚುಕಡಿಮೆ ಖಚಿತ. ಆಗ ಅದೇ ಕಾಡಿನ ಬೇಟೆಗಾರನ ಬೇರೆ ಬಣ್ಣದ ಆವೃತ್ತಿಗಳಿಗೆ ದುಡ್ಡು ಸುರಿಯಬೇಡಿ. ಅಚ್ಚು ಬಹುಪಾಲು ಅದೇ, ಬಣ್ಣ ಮಾತ್ರ ಬೇರೆ. 1990ರ ಎರಡನೆಯ ಚಿತ್ರದ ಕೊನೆಯಲ್ಲಿ ನೌಕೆಯೊಳಗೆ ತನ್ನ ದಂಡನ್ನು ಹಿಂದೆ ನಿಲ್ಲಿಸಿಕೊಂಡು, ತಮ್ಮವನನ್ನೇ ಕೊಂದ ಪೊಲೀಸನಿಗೆ 1715 ಎಂದು ಕೆತ್ತಿದ ಹಳೆಯ ಪಿಸ್ತೂಲನ್ನು ಎಸೆದು ಹೋಗುವ ಹಿರಿಯ ಬೇಟೆಗಾರನನ್ನು ತೆಗೆದುಕೊಳ್ಳಿ. ಮುಖ, ಆಭರಣ, ಕವಚ ಎಲ್ಲ ಬೇರೆ. ಅವನನ್ನು ಮಧ್ಯದಲ್ಲಿ ಎರಡು ಇಂಚು ಎತ್ತರದ ಹಲಗೆಯ ಮೇಲೆ ನಿಲ್ಲಿಸಿ, ಉಳಿದವರನ್ನು ಒಂದು ಹೆಜ್ಜೆ ಹಿಂದೆ ಇಟ್ಟರೆ ಯಾರ ಆಜ್ಞೆ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಪಾಟಿನ ಆಳ ಕನಿಷ್ಠ 30 ಸೆಂ.ಮೀ. ಇರಲಿ, ಇಲ್ಲದಿದ್ದರೆ ಹಿಂದಿನ ಸಾಲಿನವರ ಫಿರಂಗಿ ಮುಂದಿನವರ ಜಡೆಗೆ ಸಿಕ್ಕಿಕೊಂಡು ಒಬ್ಬನನ್ನು ತೆಗೆಯಲು ಹೋದರೆ ಮೂವರು ಬೀಳುತ್ತಾರೆ.